ಟಿಕೆಟ್ ಇಲ್ಲದ ಸಾಫ್ಟ್‌ವೇರ್

ನನ್ನ ಸೋದರಮಾವನಿಗೆ ಸ್ವರ್ಗದಲ್ಲಿ ಜಾಗ ಸಿಗುವುದು ಖಂಡಿತ. ಆದರೆ ಅವರು ಒಳಗೆ ಹೋಗಿ ಕೂರುವ ಪೈಕಿಯಲ್ಲ! ಬಾಗಿಲಲ್ಲೇ ನಿಂತು ಬಂದವರಿಗೆಲ್ಲ "ಮುಂದೆ ಹೋಗಿ, ಮಧ್ಯ ಜಾಗ ಉಂಟು" ಎನ್ನುತ್ತಾರೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಆಯುಷ್ಯವಿಡೀ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ವರ್ಷಗಳಾದರೂ ಚಾಳಿ ಬಿಟ್ಟಿಲ್ಲ. ಮಗಳ ಮದುವೆಯಲ್ಲಿ ಊಟದ ಪಂಕ್ತಿಯ ನಡುವೆ ಓಡಾಡುತ್ತ, ಬೀಗರನ್ನೇ "ಎಲ್ಲಿ ಹತ್ತಿದ್ರಿ?" ಎಂದು ಕೇಳಿದ ಮಹಾನುಭಾವರು!

ಇಂಥವರಿಗೆ ಪುಸ್ತಕ ಬರೆಯುವ ಹುಚ್ಚು ಹಿಡಿಯಿತು. ಹುಚ್ಚಿಗೆ ಕಾರಣವೂ ಇತ್ತು. ಅವರ ಜೊತೆ ಬಸ್ಸು ಓಡಿಸಿದ ಡ್ರೈವರ್ ಕಿಗ್ಗದಲ್ಲಿದ್ದಾರೆ. ಪಾಪ, ಅವರಿಗೆ ಮರೆವಿನ ಕಾಯಿಲೆ. ಕಳೆದ ಸಲ ಹೋದಾಗ ಮಾವನನ್ನೇ ನೋಡಿ "ಇವರು ಯಾರು?" ಎಂದರಂತೆ.

"ಅವ ಪೂರ್ತಿ ಮರೆಯದ್ರೊಳಗೆ ನಮ್ಮ ಬಸ್ಸಿನ ಕಥೆ ಬರ್ದು ಓದಿ ಹೇಳ್ಬೇಕು ಮಾರಾಯ್ತಿ," ಎಂದರು ಮಾವ.

"ಬಾಯಲ್ಲೇ ಹೇಳಿ ಮಾವ. ಬರಿಯೋದು ಎಂತಕ್ಕೆ?"

"ಹೇಳಕ್ಕೆ ಹೋದ್ರೆ ಅವನ ಮುಖ ನೋಡಿ ಗಂಟಲು ಕಟ್ಟತ್ತೆ. ಕಾಗದ ನೋಡ್ಕಂಡು ಓದ್ಬಹುದು."

ಹಾಗಾದರೆ ಪೆನ್ನಿನಲ್ಲಿ ಬರೆಯಿರಿ ಎಂದೆ. ಬರೆದರು. ಮರುದಿನ ಅವರಿಗೇ ಓದಲು ಬರಲಿಲ್ಲ! ತಿರುವಿನ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಬರೆದು ಪಳಗಿದ ಕೈ ನೋಡಿ, ನೆಲ ಅಲ್ಲಾಡದಿದ್ದರೆ ಅಕ್ಷರ ನೆಟ್ಟಗಾಗುವುದಿಲ್ಲ. ಕೊನೆಗೆ ನನ್ನ ಹಳೆಯ ಕಂಪ್ಯೂಟರನ್ನೇ ಕೊಪ್ಪದ ಅವರ ಮನೆಯಲ್ಲಿಟ್ಟು, ಬರವಣಿಗೆಗೆಂದು ಒಂದು ಸಾಫ್ಟ್‌ವೇರಿನ, ಕೆಲವು ದಿನ ಮಾತ್ರ ಬಿಟ್ಟಿ ನಡೆಯುವ ಟ್ರಯಲ್ ಹಾಕಿಕೊಟ್ಟೆ.

ಮಾವ ಒಂದೇ ಬೆರಳಿನಲ್ಲಿ, ಟಿಕೆಟ್ ಪಂಚ್ ಮಾಡುವ ಗತ್ತಿನಲ್ಲಿ ಕುಟ್ಟತೊಡಗಿದರು. ಕಥೆ ಇನ್ನೇನು ಶೃಂಗೇರಿ ಮುಟ್ಟಬೇಕು, ಟ್ರಯಲ್ ಮುಗಿಯಿತು. ಬರೆದದ್ದು ಕಾಣುತ್ತದೆ, ಮುಂದೆ ಒಂದಕ್ಷರ ಬರೆಯುವ ಹಾಗಿಲ್ಲ!

"ನಡು ಕಾಡಲ್ಲಿ ಇಳ್ಸೋದಾ? ಟಿಕೆಟ್ ಇಲ್ದೇ ಇರೋರನ್ನೂ ನಾವು ಸ್ಟಾಪ್ ನೋಡಿನೇ ಇಳ್ಸಿದ್ದು!" ಎಂದು ಪರದೆಯ ಮೇಲೆ ಹರಿಹಾಯ್ದರು.

ಅದನ್ನು ದುಡ್ಡು ಕೊಟ್ಟೇ ಕೊಳ್ಳೋಣವೆಂದು ಪೇಟೆಯ ಅಂಗಡಿಗೆ ಹೋದೆವು. ವರ್ಷ ವರ್ಷವೂ ಹಣ ಕಟ್ಟಬೇಕೆಂದರು ಅಂಗಡಿಯವರು. ಮಾವನಿಗೋ ಪಿಂಚಣಿಯಿಲ್ಲ.

"ಓ, ಪಾಸು! ವಯಸ್ಸಾದೋರಿಗೆ ರಿಯಾಯಿತಿ ಉಂಟಾ?"

"ಇಲ್ಲ ಸರ್."

"ಹಾಫ್ ಟಿಕೆಟ್? ಇದ್ರಲ್ಲಿ ಲೆಕ್ಕದ್ದು, ಚಿತ್ರದ್ದು ಎಂತೆಂತದೋ ಉಂಟಲ್ಲ, ಅದೆಲ್ಲ ತೆಕ್ಕಳಿ. ನಾ ಬರೀ ಬರಿಯೋನು."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮುಂದಿನ ಪ್ರಯಾಣ ಶೃಂಗೇರಿಯ ಪರಿಚಯದವರೊಬ್ಬರ ಅಂಗಡಿಗೆ. ಅವರು ಆಚೀಚೆ ನೋಡಿ ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದರು. "ಅದೇ ಮಾಲು, ಬಿಟ್ಟಿ. ಎಲ್ರೂ ಇದನ್ನೇ ಹಾಕ್ಕಂಡಿರೋದು. ಯಾರಿಗೂ ಗೊತ್ತಾಗಲ್ಲ."

ಮಾವ ಎದ್ದು ನಿಂತರು. "ಟಿಕೆಟ್ ತಪ್ಸಿ ಹಿಂದಿನ ಬಾಗಿಲಲ್ಲಿ ನೇತಾಡೋರೂ ಹಿಂಗೇ ಹೇಳ್ತಿದ್ರು. ಇಳೀರಿ ಕೆಳಗೆ!"

ಸ್ವಂತ ಅಂಗಡಿಯಲ್ಲಿ ಕೂತ ಮನುಷ್ಯ ಪಾಪ ಎಲ್ಲಿಗೆ ಇಳಿಯಬೇಕು? ಕೊನೆಗೆ ನಾವೇ ಇಳಿದು ಬಂದೆವು.

ಅಷ್ಟರಲ್ಲಿ ಕಿಗ್ಗದಿಂದ ಫೋನು. ಡ್ರೈವರು ಈಗ ಮಾತೇ ಆಡುತ್ತಿಲ್ಲವಂತೆ. ಮಾವ ಅವತ್ತು ಯಾರಿಗೂ ಮುಂದೆ ಹೋಗಿ ಎನ್ನಲಿಲ್ಲ. ನನಗೆ ಹೆದರಿಕೆಯಾಯಿತು. ಕೂತು ಹುಡುಕಿದೆ. ಕನ್ನಡವನ್ನೂ ಚೆಂದವಾಗಿ ಬರೆಯಬಹುದಾದ, ಪೂರ್ತಿ ಉಚಿತವಾದ ಸಾಫ್ಟ್‌ವೇರ್ ಸಿಕ್ಕಿತು. ಕದ್ದದ್ದಲ್ಲ, ಟ್ರಯಲ್ಲೂ ಅಲ್ಲ. ಗೆದ್ದೆನೆಂದುಕೊಂಡೆ.

"ಎಷ್ಟು?" ಎಂದರು ಮಾವ.

"ಏನೂ ಇಲ್ಲ."

"ಹಂಗಾರೆ ಬೇಡ. ಟಿಕೆಟ್ ಇಲ್ದೆ ನಾ ಕೂರಲ್ಲ."

ಇವರಿಗೆ ಏನು ಹೇಳುವುದು! ಸಿಟ್ಟು ನುಂಗಿಕೊಂಡು ಬಿಡಿಸಿ ಹೇಳಿದೆ. ಎಲ್ಲೆಲ್ಲಿಯೋ ಇರುವ ಜನ ತಮ್ಮ ಬಿಡುವಿನ ವೇಳೆ ಕೊಟ್ಟು, ಕೆಲವರು ಕೈಯಿಂದ ಹಣವನ್ನೂ ಹಾಕಿ, ದುಡ್ಡಿಲ್ಲದವರೂ ಬರೆಯಲಿ ಎಂದು ಸೇರಿ ಮಾಡಿದ್ದು ಮಾವ ಇದು.

ಮಾವ ಕಂಪ್ಯೂಟರಿನ ಹತ್ತಿರ ಬಂದು ಪರದೆಯನ್ನು ಬಗ್ಗಿ ನೋಡಿದರು.

"ಅಂದ್ರೆ ನಮ್ಮ ಟಿಕೆಟ್ ಅವರು ಮೊದ್ಲೇ ತೆಗ್ದಿದಾರೆ," ಎಂದರು ಆಮೇಲೆ. "ನಮ್ಮ ಕಿಗ್ಗದವನೂ ಹಂಗೇ ಮಾಡ್ತಿದ್ದ ಮಾರಾಯ್ತಿ. ಸೀತೂರು ಕಡೆಯೋರು ಆಸ್ಪತ್ರೆಗೆ ಅಂತ ಹತ್ತಿ, ಕೈಯಲ್ಲಿ ಕಾಸಿಲ್ದೆ ತಲೆ ತಗ್ಗಿಸಿದ್ರೆ, ಡ್ರೈವರ್ ಸೀಟಿಂದ್ಲೇ ಕೂಗೋನು. 'ನನ್ನ ಭತ್ಯೇಲಿ ಹಿಡ್ಕ ಮಾರಾಯ, ಟಿಕೆಟ್ ಹರಿ.' ಅದು ಬಿಟ್ಟಿ ಅಲ್ಲ. ಹಾಕು, ಹಾಕು!"

ಕಥೆ ಮುಗಿಯಿತು. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಕಿಗ್ಗಕ್ಕೆ ಹೋದೆವು. ಡ್ರೈವರು ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಮಾವನನ್ನು ನೋಡಿದರು, ಗೋಡೆಯನ್ನೂ ಹಾಗೆಯೇ ನೋಡಿದರು. ಮಾವ ಕನ್ನಡಕ ಏರಿಸಿ ಹಲಸಿನಹಣ್ಣಿನ ಕಥೆ ಓದತೊಡಗಿದರು. ತಿರುವಿನಲ್ಲಿ ಅಜ್ಜಿಯೊಬ್ಬಳ ಹಲಸಿನಹಣ್ಣು ಉರುಳಿ ಬಾಗಿಲಿನಿಂದ ಹೊರಗೆ ಬಿತ್ತು. ಲಗೇಜ್ ಟಿಕೆಟ್ ಹರಿದ ಹಣ್ಣು, ಬಿಟ್ಟು ಹೋಗುವ ಹಾಗಿಲ್ಲ! "ಬಸ್ಸು ನಿಲ್ಲಿಸಲು ನಾನು ಕೂಗಿದೆ," ಎಂದು ಓದಿದ ಮಾವ, ಎಲ್ಲಿದ್ದೇನೆ ಎಂಬುದನ್ನೇ ಮರೆತು ಹಳೆಯ ಗಂಟಲಿನಲ್ಲಿ ಕೂಗಿಯೇಬಿಟ್ಟರು. "ಹೋಲ್ಡಾನ್!"

ಕಂಬಳಿಯ ಕೆಳಗೆ ಡ್ರೈವರ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು.

ಮಾವ ಅದನ್ನು ನೋಡಿದರು. ಓದು ಮುಂದುವರಿಸಿದರು. ಬಸ್ಸು ನಿಂತಿತು, ಜನರೆಲ್ಲ ಇಳಿದು ಚರಂಡಿಯಲ್ಲಿ ಹಣ್ಣು ಹುಡುಕಿದರು, ಹಣ್ಣು ಸಿಕ್ಕಿತು. ಅಲ್ಲಿಗೆ ಗಂಟಲು ಕಟ್ಟಿ ಓದು ನಿಂತುಹೋಯಿತು. ನನಗೂ ಅಳು ತಡೆಯಲಾಗಲಿಲ್ಲ.

ಡ್ರೈವರು ಮೆಲ್ಲನೆ ತಲೆ ಹಿಂದಕ್ಕೆ ತಿರುಗಿಸಿದರು.

"ಎಲ್ರೂ ಹತ್ತಿದ್ರನಾ ಮಾರಾಯ?"

ಮಾವ ಕಾಗದ ಮಡಿಲಲ್ಲಿಟ್ಟು ಕಣ್ಣೊರೆಸಿಕೊಂಡರು.

"ಹತ್ತಿದ್ರು ಮಾರಾಯ. ಎಲ್ರೂ ಹತ್ತಿದ್ರು. ರೈಟ್."