ಮಗಳ ರೆಪ್ಪೆ, ನನ್ನ ಬೆಳ್ಳುಳ್ಳಿ

ಅರಕೆರೆಯ ಡೈರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವುದು ನನ್ನ ಕೆಲಸ. ಹಾಲು ತರುವವರು ಜೊತೆಗೆ ದನಗಳ ಕಾಯಿಲೆಯ ಸುದ್ದಿಯನ್ನೂ ತರುತ್ತಾರೆ. ಹನ್ನೆರಡು ವರ್ಷ ಅದನ್ನು ಕೇಳಿ ಕೇಳಿ ನಾನೂ ಅರ್ಧ ವೈದ್ಯನಾಗಿದ್ದೆ. ಹಾಗಂತ ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮೂರೂವರೆ ವರ್ಷದ ಮಗಳು ಧನ್ಯ ಎದ್ದಾಗ ಅವಳ ಬಲಗಣ್ಣಿನ ಮೇಲ್ರೆಪ್ಪೆ ಊದಿತ್ತು.

"ಡಾಕ್ಟ್ರಿಗೆ ತೋರುಸ್ಕೊಂಡು ಬರವ ನಡೀರಿ," ಎಂದಳು ಹೆಂಡತಿ ಸವಿತಾ.

ನಾನು ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗಲ್ಲ ಎತ್ತಿ, ಗಂಭೀರವಾಗಿ ತೀರ್ಪು ಕೊಟ್ಟೆ. "ಸೊಳ್ಳೆ ಕಚ್ಚೈತೆ ಕಣೆ. ನಾಲೆ ಪಕ್ಕದ ಮನೇಲಿ ಇನ್ನೇನ್ ನವಿಲ್ ಕಚ್ತದಾ?"

ಧನ್ಯ ಆಡಿಕೊಂಡೇ ಇದ್ದಳು. ನನ್ನ ವಿಶ್ವಾಸ ಬೆಳೆಯಿತು.

ಸೋಮವಾರ ರೆಪ್ಪೆ ಕೆಂಪಗಾಗಿ ಇನ್ನಷ್ಟು ದಪ್ಪವಾಯಿತು. ಸೊಳ್ಳೆಯನ್ನು ಆರೋಪದಿಂದ ಬಿಡುಗಡೆ ಮಾಡಿ, ಇದು ರೆಪ್ಪೆಯಲ್ಲಿ ಏಳುವ ಕುರು ಎಂದು ಘೋಷಿಸಿದೆ. ಅದಕ್ಕೆ ಬೆಳ್ಳುಳ್ಳಿ ಹಚ್ಚಬೇಕೆಂದು ಯಾರೋ ಹೇಳಿದ್ದು ನೆನಪಿತ್ತು. ಯಾರು, ಯಾವಾಗ, ಯಾವ ದನಕ್ಕೆ ಎಂಬುದು ನೆನಪಿರಲಿಲ್ಲ.

"ಕಣ್ಗೆ ಬೆಳ್ಳುಳ್ಳಿನಾ? ತಲೆ ನೆಟ್ಟಗೈತಾ ನಿಮ್ಗೆ?" ಸವಿತಾ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಕಣ್ಗಲ್ಲ, ರೆಪ್ಪೆಗೆ. ಏನೂ ಆಗಾಕಿಲ್ಲ."

"ಅಂಗಾರೆ ಮೊದ್ಲು ನೀನ್ ಅಚ್ಕೊ ಅಪ್ಪ," ಎಂದಳು ಧನ್ಯ.

ನ್ಯಾಯವಾದ ಬೇಡಿಕೆ. ಜಜ್ಜಿದ ಎಸಳನ್ನು ನನ್ನ ಎಡರೆಪ್ಪೆಗೆ ತಿಕ್ಕಿಕೊಂಡು, "ನೋಡ್ದಾ? ಏನೂ ಆಗ..." ಎಂದೆ.

ಆಯಿತು!

ಮುಂದಿನ ಐದು ನಿಮಿಷ ಅಂಗಳದ ನಲ್ಲಿಗೂ ಕೊಟ್ಟಿಗೆಗೂ ನಡುವೆ ಕುಣಿದೆ. ಉರಿ ತಾಳಲಾರದೆ ಅದೇ ಬೆಳ್ಳುಳ್ಳಿ ಕೈಯಲ್ಲಿ ಕಣ್ಣು ಉಜ್ಜಿದೆ. ಸವಿತಾ ಚೆಂಬಿನಿಂದ ನೀರು ಸುರಿದಳು, ಬಾಯಿಂದ ಮಂಗಳಾರತಿ ಎತ್ತಿದಳು.

ಅಪ್ಪ ಕುಣಿದರೆ ಧನ್ಯ ಬಿದ್ದು ಬಿದ್ದು ನಗುವವಳು. ಆವತ್ತು ನಗಲಿಲ್ಲ. ಜಗಲಿಯ ಮೇಲೆ ಮುದುಡಿ ಮಲಗಿದ್ದಳು. ಮುಟ್ಟಿದರೆ ಹಣೆ ಸುಡುತ್ತಿತ್ತು. ಬಲಗಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ನನ್ನ ಉರಿ ನನಗೆ ಮರೆತೇ ಹೋಯಿತು.

ಪಕ್ಕದ ಮನೆಯ ಸಾದಿಕ್ ಆಟೋ ತಂದರು. "ಯಾ ಅಲ್ಲಾ, ಏನಣ್ಣ ಇದು! ಮೆತ್ಗೆ ಅತ್ತಿ," ಎಂದು ನನ್ನ ತೋಳು ಹಿಡಿದರು.

"ನಂಗಲ್ಲ ಸಾದಿಕ್, ಮಗೂಗೆ," ಎಂದೆ. ಆಟೋ ಶ್ರೀರಂಗಪಟ್ಟಣದ ಆಸ್ಪತ್ರೆಯ ಮುಂದೆಯೇ ನಿಂತಿತು.

"ಎಷ್ಟು ದಿನದಿಂದ?" ಎಂದು ಕೇಳಿದರು ಡಾಕ್ಟರಮ್ಮ.

"ನಿನ್ನೆ ಬೆಳಿಗ್ಗೆಯಿಂದ. ಇವ್ರು ಸೊಳ್ಳೆ ಅಂದ್ರು," ಎಂದಳು ಸವಿತಾ.

"ಇವರಿಗೆ?"

"ಈಗ ಒಂದ್ಗಂಟೆ ಆಯ್ತು. ಬೆಳ್ಳುಳ್ಳಿ."

ಅವರು ನನ್ನನ್ನು ಒಮ್ಮೆ ನೋಡಿ, ಮಗಳ ಕಡೆ ತಿರುಗಿದರು. ರೆಪ್ಪೆಯನ್ನು ಮೆಲ್ಲಗೆ ಎತ್ತಿ, ಟಾರ್ಚನ್ನು ಅತ್ತಿತ್ತ ಆಡಿಸಿದರು. ಧನ್ಯಳ ಕಣ್ಣು ಬೆಳಕಿನ ಹಿಂದೆಯೇ ಹೋಯಿತು. ನಾನು ಆಮೇಲೆ ಉಸಿರು ಬಿಟ್ಟೆ.

"ಸೋಂಕು ಇನ್ನೂ ರೆಪ್ಪೆಯಲ್ಲೇ ಇದೆ, ಒಳಗೆ ಇಳಿದಿಲ್ಲ. ಔಷಧಿ ಕೊಡ್ತೀನಿ, ನಾಳೆ ತಪ್ಪದೆ ತೋರಿಸಿ. ಬರೀ ಸೊಳ್ಳೆ ಕಚ್ಚಿದ್ರೆ ಮಗು ಆಡ್ಕೊಂಡಿರುತ್ತೆ. ಜ್ವರ ಬಂತು, ಕೆಂಪು ಹರಡ್ತು, ಕಣ್ಣು ಬಿಡೋಕೆ ಆಗ್ತಿಲ್ಲ ಅಂದ್ರೆ ಅವತ್ತೇ ಬರಬೇಕು. ಕಣ್ಣುಗುಡ್ಡೆ ಮುಂದಕ್ಕೆ ಬಂದ್ರೆ, ಆಡಿಸೋಕೆ ನೋವಾದ್ರೆ, ನೋಟ ಮಂಜಾದ್ರೆ ಒಂದು ಗಳಿಗೆನೂ ಕಾಯಬಾರದು," ಎಂದರು. ಆಮೇಲೆ ನನ್ನ ಕಣ್ಣಿಗೆ ಪಟ್ಟಿ ಕಟ್ಟಿಸಿದರು. ಉಜ್ಜಿ ಗೀರು ಮಾಡಿಕೊಂಡಿದ್ದೆನಂತೆ.

ಮಾರನೆಯ ದಿನ ಜ್ವರ ಇಳಿದಿತ್ತು. ಧನ್ಯಳ ಕಣ್ಣು ಅರ್ಧ ತೆರೆದಿತ್ತು. ಡಾಕ್ಟರಮ್ಮ ಅವಳ ಬೆನ್ನು ತಟ್ಟಿದರು. ನನಗೆ ಮಾತ್ರ ಇನ್ನೂ ಮೂರು ದಿನ ಪಟ್ಟಿ.

ವಾಪಸು ಬರುವಾಗ ಬಸ್ಸಿನ ಮೆಟ್ಟಿಲ ಹತ್ತಿರ ಮಗಳು ನನ್ನ ಬೆರಳು ಹಿಡಿದು, "ಉಸಾರು ಅಪ್ಪ, ನಿಂಗೆ ಕಣ್ ಕಾಣಾಕಿಲ್ಲ," ಎಂದಳು. ಕಂಡಕ್ಟರು ನನ್ನನ್ನು ನೋಡಿ, ಅಂಗವಿಕಲರ ಸೀಟಿನಲ್ಲಿದ್ದವರನ್ನು ಎಬ್ಬಿಸಿದ.

ಕೂತೆ.