ಕುಟುಂಬ ಸಮೇತ, ಒಬ್ಬನೇ

ನಾನು ಡಿಗ್ರಿ ಪಾಸಾಗುವುದು ಎಂದಿಗೂ ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಅಕ್ಕನ ಗಂಡ, ಹಟ್ಟಿಕೇರಿಯ ಬೀರಣ್ಣ ಭಾವ. ಆಮೇಲೆ ಹೇಳಿದವರು ಬಹಳ ಜನ, ಆದರೆ ಅವರೆಲ್ಲ ಭಾವನನ್ನು ನೋಡಿ ಕಲಿತವರು. ಅಪ್ಪ, ಅವ್ವ ಬೇಗ ತೀರಿಕೊಂಡಿದ್ದರಿಂದ ನಾನು ಬೆಳೆದದ್ದು ಅಕ್ಕನ ಮನೆಯಲ್ಲಿ. ಕಾರವಾರದ ಒಂದು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿದ ಮೇಲೆ ಹೊರಗಿನಿಂದ ಬಿ.ಎ.ಗೆ ಕಟ್ಟಿದೆ. ಒಂದು ಸಲ ರಜೆಗೆ ಊರಿಗೆ ಹೋದವನು ಅಕ್ಕನ ಟಿ.ವಿ.ಯಲ್ಲಿ ಹಿಂದಿ ಸಿನೆಮಾ ನೋಡುತ್ತಿದ್ದೆ. ಶ್ರೀಮಂತ ಅಪ್ಪ ಹಿರಿಮಗನನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯ. ನನ್ನ ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ಅಷ್ಟರಲ್ಲಿ ಭಾವ ಗದ್ದೆಯಿಂದ ಬಂದ. "ಹೋದ ವರ್ಷ ಹೊಳೆಬದಿಯ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿ ಭತ್ತ ಎಲ್ಲ ಹೋಯ್ತಲ್ಲ, ಆಗ ನಿನ್ನ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ. ಈಗ ಯಾವನೋ ಸಾವ್ಕಾರನ ಮಗ ಮನೆ ಬಿಟ್ರೆ ಮೂಗು ಒರ್ಸ್ಕಂತಿಯಲ್ಲ, ತಮಾ!" ಎಂದ. "ಹಿಂದಿ ಕಲೀತಿದ್ದೆ ಭಾವ, ಪರೀಕ್ಷೆಗೆ" ಎಂದೆ. ಭಾವ ನಕ್ಕ ನಗುವಿಗೆ ಕೊಟ್ಟಿಗೆಯ ಎಮ್ಮೆ ತಲೆ ಎತ್ತಿತು. "ನೀ ಡಿಗ್ರಿ ಪಾಸಾಗೂದು ಹೌದಾದ್ರೆ, ನಾ ನಿನ್ನ ಸಂಗ್ತಿಗೆ ಟಾಕೀಸಿಗೆ ಬಂದು ಮೂರು ತಾಸು ಹಿಂದಿ ಸಿನೆಮಾ ನೋಡ್ತೆ. ಬರ್ದಿಟ್ಕ!"

ಇದು ಸಣ್ಣ ಪಂದ್ಯವಲ್ಲ. ಭಾವ ಜನ್ಮದಲ್ಲಿ ಟಾಕೀಸಿನ ಒಳಗೆ ಕಾಲಿಟ್ಟವನಲ್ಲ. ಹಾಡುಹಗಲು ಬಾಗಿಲು ಹಾಕಿಕೊಂಡು ಕತ್ತಲೆಯಲ್ಲಿ ಅಲ್ಲಾಡದೆ ಕೂರುವುದು ಕಾವಿಗೆ ಕೂತ ಕೋಳಿಗೆ ಮಾತ್ರ ಒಪ್ಪುವ ಕೆಲಸ ಎಂದು ಅವನ ಮತ. ಅವನು ಹೇಳಿದ್ದು ಹಾಸ್ಯಕ್ಕೆ. ನನಗೆ ಮಾತ್ರ ಅಂದಿನಿಂದ ಡಿಗ್ರಿಗಿಂತ ಹೆಚ್ಚಾಗಿ ಆ ಮೂರು ತಾಸಿನ ಆಸೆ ಹಿಡಿಯಿತು: ನಡುವೆ ನಾನು, ಒಂದು ಕಡೆ ಅಕ್ಕ, ಇನ್ನೊಂದು ಕಡೆ ಭಾವ.

ಯಾಕೆ ಹಾಗೆ ಎಂದು ತಿಳಿಯಬೇಕಾದರೆ ನನ್ನ ಭಾನುವಾರಗಳನ್ನು ನೀವು ನೋಡಬೇಕಿತ್ತು. ಕಾಳಿ ಸೇತುವೆಯಾಚೆ ಚಿತ್ತಾಕುಲದಲ್ಲಿ ನನ್ನ ಬಾಡಿಗೆ ಕೋಣೆ. ಒಂದು ಸ್ಟವ್, ಒಂದು ಚಾಪೆ, ಒಂದು ತಾಟು. ವಾರದ ಆರು ದಿನ ಸಾಹೇಬರ ಗಂಟೆಯಾದರೂ ನನ್ನನ್ನು ಕರೆಯುತ್ತಿತ್ತು. ಭಾನುವಾರ ಯಾರೂ ಕರೆಯುತ್ತಿರಲಿಲ್ಲ. ಅದಕ್ಕೇ ಕಾರವಾರಕ್ಕೆ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದೆ, ಅದೂ ಸಂಸಾರದ ಹಿಂದಿ ಸಿನೆಮಾಕ್ಕೇ. ಹೊಡೆದಾಟದ ಸಿನೆಮಾಕ್ಕೆ ಒಂಟಿ ಗಂಡಸು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. 'ಕುಟುಂಬ ಸಮೇತ ನೋಡಿ ಆನಂದಿಸಿ' ಎಂದು ಬರೆದ ಪೋಸ್ಟರಿನ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ "ಒಂದು" ಎಂದರೆ, ಟಿಕೆಟು ಕೊಡುವವನು ಬಗ್ಗಿ ನನ್ನ ಬೆನ್ನ ಹಿಂದೆ ನೋಡುತ್ತಿದ್ದ.

"ಒಂದೇ?"

"ಒಂದೇ."

"ಮನೆಯವ್ರು ಬರ್ಲಿಲ್ವ?"

"ಹಿಂದಿಂದ ಬರ್ತಾರೆ."

ಹೀಗೆ ನನ್ನ ಮನೆಯವರು ಮೂರು ವರ್ಷ ಹಿಂದಿನಿಂದ ಬರುತ್ತಲೇ ಇದ್ದರು.

ತೆರೆಯ ಮೇಲಿನ ಮನೆಗಳಲ್ಲಿ ಊಟಕ್ಕೆ ಕೂತರೆ ಇಪ್ಪತ್ತು ಜನ. ಅವರಲ್ಲಿ ಒಬ್ಬರಾದರೂ ಕೆಲಸಕ್ಕೆ ಹೋದದ್ದನ್ನು ನಾನು ಕಂಡಿಲ್ಲ, ಉಂಡ ತಾಟು ತೊಳೆದದ್ದನ್ನೂ ಕಂಡಿಲ್ಲ. ಆದರೂ ಅಜ್ಜ ದೊಡ್ಡ ಮೆಟ್ಟಿಲಿಳಿದು ಬಂದು ಮಕ್ಕಳು ಮೊಮ್ಮಕ್ಕಳ ತಲೆ ಮುಟ್ಟುತ್ತ ಹೋಗುವಾಗ, ಕತ್ತಲೆಯಲ್ಲಿ ನನ್ನ ತಲೆಯೂ ತಾನಾಗಿ ಸ್ವಲ್ಪ ಬಗ್ಗುತ್ತಿತ್ತು. ಇಷ್ಟೆಲ್ಲ ನೋಡಿದವನಿಗೆ ಹಿಂದಿ ಬರದೆ ಇರುತ್ತದೆಯೇ ಎಂಬ ಧೈರ್ಯದಲ್ಲಿ, ಬಿ.ಎ.ಗೆ ಕನ್ನಡ ಬಿಟ್ಟು ಹಿಂದಿ ತೆಗೆದುಕೊಂಡೆ. ಕಾರವಾರದ ಕಡೆಯ ಅರ್ಧ ಜನ ಮಾಡುವ ತಪ್ಪು ಇದು: ಪೇಟೆಯಲ್ಲಿ ಕೊಂಕಣಿ ಇದೆ, ಪಕ್ಕದಲ್ಲಿ ಮರಾಠಿ ಇದೆ, ಹಿಂದಿ ಎಂದರೆ ಎಷ್ಟು ದೂರ! ಬೇರೆ ವಿಷಯಗಳೆಲ್ಲ ದಾಟಿದವು. ಹಿಂದಿ ಮಾತ್ರ ಎರಡು ಸಲ ಡುಮ್ಕಿ ಹೊಡೆಯಿತು. ಮಗನನ್ನು ಹೊರಗೆ ಹಾಕುವುದು, ಅಪ್ಪನ ಕಾಲು ಹಿಡಿಯುವುದು, ಇವು ಸಂತೋಷದ ಕಣ್ಣೀರು ಎಂದು ಹೇಳುವುದು, ಇಷ್ಟು ಹಿಂದಿ ನನಗೆ ಸ್ವಚ್ಛವಾಗಿ ಬರುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಇವನ್ನು ಯಾರೂ ಕೇಳಲಿಲ್ಲ. ಗಟಾರ ಶುಚಿ ಮಾಡಿಸಿ ಎಂದು ನಗರಸಭೆಗೆ ಪತ್ರ ಬರೆಯಲು ಹೇಳಿದ್ದರು. ನಾನು ಗಟಾರಕ್ಕಾಗಿ ಅಧ್ಯಕ್ಷರ ಕಾಲು ಹಿಡಿದು, ಅವರ ತಾಯಿಯ ಆಣೆ ಹಾಕಿ, ಕೊನೆಗೆ ಅವರಿಗೆ ದೀರ್ಘಾಯುಷ್ಯ ಹರಸಿ ಮುಗಿಸಿದ್ದೆ. ಇಪ್ಪತ್ತೊಂದು ಅಂಕ ಬಂತು. ಭಾವ ಫೋನಿನಲ್ಲಿ, "ಟಾಕೀಸಿಗಂತ ಹೊಸ ಅಂಗಿ ಹೊಲ್ಸೂಕೆ ಗಡಿಬಿಡಿ ಇಲ್ಲ ಅಂತಾಯ್ತು" ಎಂದ.

ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಭಾನುವಾರ ನನ್ನ ಪಕ್ಕದಲ್ಲಿ ನೌಕಾನೆಲೆಯ ಕಡೆಯ ಒಂದು ಉತ್ತರ ಭಾರತದ ಕುಟುಂಬ ಬಂದು ಕೂತಿತು: ಒಬ್ಬ ತಾಯಿ, ಎರಡು ಮಕ್ಕಳು. ಸಂಸಾರದ ಸಿನೆಮಾದಲ್ಲಿ ಒಂಟಿಯಾಗಿ ಕೂತವನ ಮಡಿಲು ಸಾರ್ವಜನಿಕ ಬೆಂಚು ಇದ್ದ ಹಾಗೆ. ಕೈಗೂಸು ಅಳತೊಡಗಿತೆಂದು ಆ ತಾಯಿ ಎದ್ದು, "ಭೈಯ್ಯಾ, ಜರಾ ಪಕಡನಾ" ಎಂದು ನಾಲ್ಕು ವರ್ಷದ ಹುಡುಗಿಯನ್ನು ನನ್ನ ಮಡಿಲಿಗೆ ಹಾಕಿ ಹೊರಗೆ ಹೋದಳು. ಹುಡುಗಿಯ ಕಾಲಲ್ಲಿ, ಒತ್ತಿದರೆ ಪೀಂ ಪೀಂ ಎನ್ನುವ ಚಪ್ಪಲಿ. ಅವಳು ಸಿನೆಮಾ ನೋಡಲೇ ಇಲ್ಲ. ತಲೆಯ ಮೇಲೆ ಹಾದುಹೋಗುವ ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುವುದನ್ನು ನೋಡಿದಳು. ಅದನ್ನು ಹಿಡಿಯಲು ನನ್ನ ತೊಡೆಯ ಮೇಲೆ ನಿಂತು ಕೈ ಎತ್ತಿದಳು. ತೆರೆಯ ಮೇಲೆ ಅಜ್ಜನ ಪ್ರಾಣ ಹೋಗುತ್ತಿದೆ, ಅವನ ಹಣೆಯ ಮೇಲೆ ಇವಳ ಐದು ಬೆರಳಿನ ನೆರಳು! ಟಾಕೀಸು ತುಂಬ ಮೂಗಿನ ಸದ್ದು. ನಡುವೆ ಪೀಂ, ಪೀಂ, ಮತ್ತು ಅವಳ ಕಿಲಕಿಲ ನಗು. ನಾನು ಅಳುತ್ತಿದ್ದವನು ನಗತೊಡಗಿದೆ. ಹಿಂದಿನ ಸಾಲಿನ ಹೆಂಗಸೊಬ್ಬಳು "ಏನ್ ಜನವೋ, ಮುದುಕನ್ನ ಸಾಯೂಕಾದ್ರೂ ಬಿಡೂದಿಲ್ಲ!" ಎಂದಳು.

ಆ ತಾಸಿನಲ್ಲಿ ಹುಡುಗಿ ನನ್ನ ಹತ್ತಿರ ನೀರು ಕೇಳಿದಳು, ಚಪ್ಪಲಿ ಎಲ್ಲಿ ಬಿತ್ತು ಎಂದು ಕೇಳಿದಳು, ಧೂಳು ಯಾಕೆ ಕೈಗೆ ಸಿಗುವುದಿಲ್ಲ ಎಂದು ಕೇಳಿದಳು. ಯಾರ ಆಣೆಯೂ ಇಲ್ಲದ, ಕಣ್ಣೀರೂ ಇಲ್ಲದ ಹಿಂದಿಯನ್ನು ನಾನು ಮೊದಲ ಸಲ ಕೇಳಿದೆ. ನಾನೂ ತೊದಲುತ್ತ ಉತ್ತರ ಹೇಳಿದೆ. ಅವಳು ತಿದ್ದಿದಳು. ಆಟ ಬಿಟ್ಟಾಗ ತಾಯಿ "ಥ್ಯಾಂಕ್ಯೂ ಭೈಯ್ಯಾ" ಎಂದು ಅವಳ ಕೈ ಹಿಡಿದುಕೊಂಡು ಜನರ ನಡುವೆ ಮರೆಯಾದಳು. ಆ ಪೀಂ ಪೀಂ ರಸ್ತೆಯ ತಿರುವಿನವರೆಗೆ ಕೇಳಿಸಿತು. ನನ್ನ ತೊಡೆಯ ಮೇಲೆ ಎರಡು ಪುಟ್ಟ ಹೆಜ್ಜೆಯ ಗುರುತಿತ್ತು. ಬಸ್ಸಿನಲ್ಲಿ ಸೇತುವೆ ದಾಟುವಾಗ ಅದನ್ನು ಕೊಡವಲು ಮನಸ್ಸಾಗಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಪಕ್ಕದ ಕುರ್ಚಿಯ ಕಡೆ ಬಹಳ ಸಲ ನೋಡಿದೆ. ಅವರು ಮತ್ತೆ ಬರಲಿಲ್ಲ. ವರ್ಗವಾಗಿರಬೇಕು.

ಮೂರನೆಯ ಸಲದ ಪರೀಕ್ಷೆಯಲ್ಲಿ 'ನಾನು ಕಂಡ ಒಂದು ಸಂತೋಷ' ಎಂಬ ಪ್ರಬಂಧ ಕೇಳಿದ್ದರು. ನಾನು ಆ ಹುಡುಗಿಯ ಚಪ್ಪಲಿಯ ಬಗ್ಗೆ ಬರೆದೆ. ಸಣ್ಣ ಸಣ್ಣ ವಾಕ್ಯ, ಅವಳು ಕಲಿಸಿದಷ್ಟೇ. ಮೂವತ್ತೆಂಟು ಅಂಕ. ಪಾಸಾಗಲು ಬೇಕಾದದ್ದು ಮೂವತ್ತೈದು. ಉಳಿದ ಮೂರು ಅವಳ ದಾಕ್ಷಿಣ್ಯ.

ಸರ್ಟಿಫಿಕೇಟು ರಿಜಿಸ್ಟರ್ ಟಪ್ಪಾಲಿನಲ್ಲಿ ಬಂತು. ನಮ್ಮ ಮನೆತನದಲ್ಲಿ ಮೊದಲನೆಯದು. ಅದನ್ನು ಬಟ್ಟೆಯ ಚೀಲದಲ್ಲಿ ಎದೆಗೆ ಒತ್ತಿ ಹಿಡಿದು ಹಟ್ಟಿಕೇರಿಗೆ ಹೊರಟೆ. ಬಸ್ಸಿನಲ್ಲಿ ದೃಶ್ಯವನ್ನೆಲ್ಲ ಜೋಡಿಸಿಕೊಂಡಿದ್ದೆ: ಅಕ್ಕ ಆರತಿ ತಟ್ಟೆ ತರುತ್ತಾಳೆ, ಭಾವ ಎರಡೂ ಕೈ ಚಾಚುತ್ತಾನೆ, ಹಿಂದೆ ಪಿಟೀಲು. ಹೋಗಿ ನೋಡಿದರೆ ಇಬ್ಬರೂ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಿಡದಿಂದ ಶೇಂಗಾ ಬಿಡಿಸುತ್ತಿದ್ದರು. ಪಿಟೀಲಿನ ಜಾಗದಲ್ಲಿ ಎಮ್ಮೆ ಕೂಗಿತು. ನಾನು ಸರ್ಟಿಫಿಕೇಟನ್ನು ಭಾವನ ಕೈಗೆ ಕೊಟ್ಟೆ. ಭಾವ ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಹಿಂದಿನೂ ಪಾಸಾ?"

"ಹಿಂದಿನೂ."

ಅಂಚಿಗೆ ಹತ್ತಿದ ಮಣ್ಣನ್ನು ಊದಿದ. ಆಮೇಲೆ ಅದನ್ನು ಅಕ್ಕನಿಗೆ ಕೊಟ್ಟು, "ಒಳಗೆ ದೇವ್ರ ಹತ್ರ ಇಡೆ, ಮಣ್ಣಾಗೂದು ಬ್ಯಾಡ" ಎಂದ. ನನ್ನ ಕಡೆ ನೋಡದೆ, ಶೇಂಗಾ ರಾಶಿಗೇ ಹೇಳುವವನ ಹಾಗೆ, "ಬರೂ ಭಾನುವಾರ ಮೂರು ಟಿಕೆಟು ತೆಗಿ" ಎಂದ.

ಮೂರು! ಆ ಕಿಂಡಿಯಲ್ಲಿ ನಾನು ಒಮ್ಮೆಯೂ ಹೇಳದ ಅಂಕಿ. ನಾನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡೆ. ಭಾವ ತಲೆ ಎತ್ತಿ ನನ್ನ ಮುಖ ನೋಡಿದ.

"ಥೋ ಮಾರಾಯ, ಈಗ್ಲೇ ಶುರು ಮಾಡ್ದ್ಯಾ? ಸಿನೆಮಾ ಆದ್ರೂ ಹಚ್ಲಿ ತಡಿ!"