ಗೌರಿಯ ಅಡಿಗೆಯೂ ನನ್ನ ಸಿಟ್ಟೂ

ದಪ್ಪಗಿರುವವನ ಮೈ ಊರಿಗೆಲ್ಲ ಸೇರಿದ ಆಸ್ತಿ. ಕೆಮ್ಮುವವನನ್ನು ಕಂಡರೆ ಜನ ದೂರ ನಿಲ್ಲುತ್ತಾರೆ, ಕುಂಟುವವನನ್ನು ಕಂಡರೆ ದಾರಿ ಬಿಡುತ್ತಾರೆ. ಹೊಟ್ಟೆ ಬಂದವನನ್ನು ಕಂಡರೆ ಮಾತ್ರ ಹತ್ತಿರ ಬಂದು ಆ ಹೊಟ್ಟೆಯನ್ನೇ ತಟ್ಟುತ್ತಾರೆ. ತಟ್ಟಿದ ಕೈಗೆ ಸಮಾಧಾನವಾದ ಮೇಲೆ ಬಾಯಿಗೆ ಕೆಲಸ. "ರುದ್ರಪ್ನೋರೆ, ಒಂದೀಟು ಕಮ್ಮಿ ಉಣ್ರಿ." ನನ್ನ ಹೊಟ್ಟೆಯನ್ನು ದಾವಣಗೆರೆಯ ಹತ್ತಿ ವ್ಯಾಪಾರಿಗಳು ತಟ್ಟಿದ್ದಾರೆ, ಹರಿಹರದ ಸ್ಟೇಷನ್ನಿನಲ್ಲಿ ಟಿಕೆಟ್ ಕೇಳುವವರು ತಟ್ಟಿದ್ದಾರೆ, ಕಾಮಾಲೆಯಿಂದ ಎದ್ದು ಗೋಡೆ ಹಿಡಿದು ನಡೆಯುತ್ತಿದ್ದ ಎದುರುಮನೆಯವರೂ ತಟ್ಟಿದ್ದಾರೆ. ನನಗೆ ಮೊದಲೇ ಸಿಟ್ಟು ಜಾಸ್ತಿ. ಬೆಳಿಗ್ಗೆ ಹಲ್ಲುಜ್ಜುವುದಕ್ಕೆ ಮುಂಚೆಯೇ ನಾನು ಯಾರ ಮೇಲಾದರೂ ಒಂದಿಷ್ಟು ಸಿಟ್ಟು ಮಾಡಿಕೊಂಡಿರುತ್ತೇನೆ ಎಂದು ನನ್ನ ಹೆಂಡತಿ ಗೌರಿ ಹೇಳುತ್ತಾಳೆ. ಅದು ಸುಳ್ಳು. ಹಾಗೆ ಹೇಳಿದಳೆಂದು ಅವಳ ಮೇಲೂ ನಾನು ಸಿಟ್ಟು ಮಾಡಿಕೊಂಡಿದ್ದುಂಟು.

ಆಗ ನಾವು ದಾವಣಗೆರೆಯ ಅಂಚಿನಲ್ಲಿ, ನಿಟ್ಟುವಳ್ಳಿಯಲ್ಲಿ, ಬಾಡಿಗೆ ಮನೆಯಲ್ಲಿದ್ದೆವು. ನನಗೆ ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಸಂಜೆ ರೈಲು ಹತ್ತಿ ಬರುವುದು. ಆ ರೈಲು ನಾನು ಸ್ಟೇಷನ್ನಿಗೆ ಬೇಗ ಹೋದ ದಿನ ತಡವಾಗಿ ಬರುತ್ತಿತ್ತು, ನಾನು ತಡವಾದ ದಿನ ಸರಿಯಾದ ಹೊತ್ತಿಗೆ ಹೊರಡುತ್ತಿತ್ತು. ಒಂದು ಬೆಳಿಗ್ಗೆ ಹೀಗೇ ಹೊರಟ ರೈಲಿನ ಹಿಂದೆ ಓಡಿದೆ. ಓಡಿದೆ ಅನ್ನುವುದು ನನ್ನ ಮಾತು. ನೋಡಿದವರು ಏನೆನ್ನುತ್ತಾರೋ ಗೊತ್ತಿಲ್ಲ. ಪ್ಲಾಟ್‌ಫಾರಂ ಮುಗಿಯುವ ಮೊದಲೇ ಕಣ್ಣು ಕತ್ತಲೆ ಬಂತು. ದೀಪದ ಕಂಬವನ್ನು ಅಪ್ಪಿಕೊಂಡವನು ಹಾಗೇ ಜಾರಿ ಕೂತೆ. ಯಾರೋ ನೀರು ಕುಡಿಸಿದರು, ಯಾರೋ ದಿನಪತ್ರಿಕೆಯಿಂದ ಗಾಳಿ ಬೀಸಿದರು. ಎದೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದಂತೆ ಆಗುತ್ತಿತ್ತು.

ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಕೇಳಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅದರ ಮುಳ್ಳನ್ನು ನೋಡಿ ಸುಮ್ಮನೆ ತಲೆ ಆಡಿಸಿದರು. "ನಿಮ್ಮ ಹೃದಯ ಇಬ್ಬರನ್ನ ಹೊತ್ಕೊಂಡು ಓಡ್ತಾ ಐತೆ. ಒಬ್ಬರನ್ನ ಇಳಿಸ್ರಿ." ಹೇಗೆ ಇಳಿಸಬೇಕು ಎಂದು ಕೇಳಿದರೆ ಮುಂದಿನ ರೋಗಿಯನ್ನು ಕರೆದರು. ಸಿಟ್ಟಿನಿಂದ ಹೊರಗೆ ಬಂದು ನೋಡಿದರೆ, ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗೌರಿಯ ಮುಖ ಬಿಳಚಿಕೊಂಡಿತ್ತು. ಅವಳ ಅಪ್ಪ ಬೆಲ್ಲದ ಮಂಡಿ ಇಟ್ಟಿದ್ದವರು, ನನ್ನಷ್ಟೇ ಗಾತ್ರದವರು. ಒಂದು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿ ಅಂಗಡಿಯ ಲೋಡಿಗೆ ಒರಗಿದವರು ಮತ್ತೆ ಏಳಲಿಲ್ಲ. ಅವರು ನಿದ್ದೆ ಮಾಡುತ್ತಿದ್ದಾರೆಂದು ಗಿರಾಕಿಗಳು ಬಹಳ ಹೊತ್ತು ಕಾದಿದ್ದರಂತೆ. ಮನೆಗೆ ಬರುವ ದಾರಿಯಲ್ಲಿ ಗೌರಿ ಒಂದೇ ಮಾತು ಹೇಳಿದಳು: "ಇನ್ನ ನಂಗೆ ಇನ್ನೊಂದು ಸಲ ಅದನ್ನ ನೋಡಾಕೆ ಆಗಲ್ಲ."

ನಮ್ಮ ಆಫೀಸಿನಲ್ಲಿ ರಾಮಸ್ವಾಮಿ ಎಂಬ ಮೈಸೂರು ಕಡೆಯವರೊಬ್ಬರಿದ್ದರು. ಅವರ ಬಳಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಇಡ್ಲಿಯಿಂದ ಹಿಡಿದು ಬಾಳೆಹಣ್ಣಿನವರೆಗೆ ಪ್ರತಿಯೊಂದಕ್ಕೂ ಕ್ಯಾಲೊರಿ ಎಂಬ ಲೆಕ್ಕ ಇದೆಯೆಂದೂ, ದಿನದ ಮೊತ್ತ ಮೀರದ ಹಾಗೆ ನೋಡಿಕೊಂಡರೆ ಏನನ್ನಾದರೂ ತಿನ್ನಬಹುದೆಂದೂ ಅವರು ಹೇಳಿದರು. "ತಿನ್ನೋದು ಬಿಡಬೇಕಾಗಿಲ್ಲ ಸಾರ್, ಕೂಡಿಸೋಕೆ ಬಂದ್ರೆ ಸಾಕು." ಕೂಡಿಸುವುದು ನನ್ನ ಹೊಟ್ಟೆಪಾಡಿನ ಕೆಲಸ. ಅಂದಿನಿಂದ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತು ಬೆಳಗಿನ ತಿಂಡಿಯನ್ನು ಕೂಡಿಸುತ್ತಿದ್ದೆವು. ತುಂಗಭದ್ರೆಯ ನೆಲದಲ್ಲಿ ಬೆಳೆದ ಅಕ್ಕಿಗೆ ಆ ಇಂಗ್ಲಿಷ್ ಪುಸ್ತಕದ ಲೆಕ್ಕ ಹೊಂದುತ್ತದೋ ಇಲ್ಲವೋ ಎಂದು ಒಮ್ಮೆ ಜಗಳವನ್ನೂ ಆಡಿದೆವು. ಜಗಳ ಮುಗಿಯುವಷ್ಟರಲ್ಲಿ ಇಬ್ಬರಿಗೂ ಹಸಿವಾಗಿತ್ತು.

ಒಂದು ಬೆಳಿಗ್ಗೆ ಮನೆಯಲ್ಲಿ ಗೌರಿಯನ್ನು ಕೇಳಿದೆ: "ಈ ಪಲ್ಯಕ್ಕೆ ಎಣ್ಣೆ ಎಷ್ಟು ಹಾಕೀದಿ?"

"ಹಾಕಬೇಕಾದಷ್ಟು."

"ಹಂಗಂದ್ರೆ ಎಷ್ಟು? ಅಳತೆ ಹೇಳು."

"ನಮ್ಮವ್ವ ನಂಗೆ ಅಡಿಗೆ ಕಲಿಸ್ಯಾಳೆ, ಲೆಕ್ಕ ಕಲಿಸಿಲ್ಲ" ಎಂದು ಅವಳು ಒಳಗೆ ಹೋದಳು. ಅಳತೆ ಗೊತ್ತಿಲ್ಲದ ಪಲ್ಯಕ್ಕೆ ನಾನು ಅಂದಾಜಿನ ಮೇಲೆ ಕಡಿಮೆ ಲೆಕ್ಕ ಹಿಡಿದೆ. ಹಾಗೆ ಹಿಡಿದದ್ದರಿಂದ ದಿನದ ಕೊನೆಗೆ ಒಂದಿಷ್ಟು ಮಿಕ್ಕಿತು. ಮಿಕ್ಕದ್ದನ್ನು ಹಾಳು ಮಾಡಬಾರದೆಂದು ಹರಿಹರದ ಸ್ಟೇಷನ್ನಿನ ಎದುರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಎಷ್ಟು ಚೆನ್ನಾಗಿ ಲೆಕ್ಕ ಸರಿಹೋಯಿತು ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಗೌರಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಮೊದ್ಲು ಉಣ್ಣುವಾಗಷ್ಟೇ ನಿಮಗೆ ಊಟದ ಯೋಚ್ನೆ ಇತ್ತು. ಈಗ ಮೂರು ಹೊತ್ತೂ ಅದನ್ನ ನೆನೆಸ್ಕೊಂಡು ಕುಂತೀರಿ. ಇವತ್ತಿಂದ ಆ ಲೆಕ್ಕ ಬಾಗಿಲ ಆಚೆಗೆ ಬಿಟ್ಟು ಬರ್ರಿ. ನಾನು ಮಾಡಿದ್ದು ಉಣ್ರಿ, ಇಲ್ಲ ಅಂದ್ರೆ ಆ ರಾಮಸ್ವಾಮಿ ಮನ್ಯಾಗೆ ಹೋಗಿ ಉಣ್ರಿ."

ರಾಮಸ್ವಾಮಿಯವರ ಮನೆಯ ಊಟ ನಾನು ಒಮ್ಮೆ ಉಂಡಿದ್ದೆ. ಆದ್ದರಿಂದ ಗೌರಿಯ ಮಾತಿಗೆ ಒಪ್ಪಿದೆ.

ಅವಳ ಮೊದಲ ಅಡಿಗೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಣ್ಣೆಯಿಲ್ಲ, ಬೆಲ್ಲವಿಲ್ಲ, ಹುಣಿಸೆಯಿಲ್ಲ. ಬೇಯಿಸಿದ ಹಾಗಲಕಾಯಿ, ಉಪ್ಪು ಮುಟ್ಟದ ಬೇಳೆ. ಆಸ್ಪತ್ರೆಯಲ್ಲಿ ಸಾಯಲಿರುವವರಿಗೆ ಕೂಡ ಇದಕ್ಕಿಂತ ರುಚಿಯಾದದ್ದನ್ನು ಕೊಡುತ್ತಾರೆ ಎಂದು ಹೇಳಿ ತಟ್ಟೆಯನ್ನು ತಳ್ಳಿ ಎದ್ದೆ. ನೆಟ್ಟಗೆ ಹೋಟೆಲಿಗೆ ಹೋಗಿ ಬೆಣ್ಣೆ ದೋಸೆ ತಿಂದೆ. ತಿರುಗಿ ಬಂದಾಗ ಗೌರಿ ತನ್ನ ತಟ್ಟೆಯ ಮುಂದೆ ಹಾಗೇ ಕೂತಿದ್ದಳು. ಒಂದು ತುತ್ತು ಮಾತ್ರ ಖಾಲಿಯಾಗಿತ್ತು. "ನಂಗೂ ಇಳೀಲಿಲ್ಲ" ಎಂದಳು. ಅವಳ ಸಿಟ್ಟಾದರೂ ತಡೆಯಬಹುದಿತ್ತು, ಆ ಧ್ವನಿಯನ್ನು ತಡೆಯುವುದು ಕಷ್ಟವಾಯಿತು.

ಮರುದಿನದಿಂದ ಅವಳು ಬೇರೆ ದಾರಿ ಹಿಡಿದಳು. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುತ್ತಿದ್ದ ಎಣ್ಣೆಯನ್ನು ಸಣ್ಣ ಸೌಟಿನಲ್ಲಿ ಹಾಕತೊಡಗಿದಳು. ಬದನೆಕಾಯಿ ಎಣ್ಣೆಯಲ್ಲಿ ಮುಳುಗುವುದು ಬಿಟ್ಟು ಕೆಂಡದಲ್ಲಿ ಸುಟ್ಟುಕೊಂಡು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜೊತೆ ತಟ್ಟೆಗೆ ಬಂತು. ಒಲೆಯಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಮೆಂತ್ಯದ ಸೊಪ್ಪು, ಮೊಳಕೆ ಬಂದ ಹೆಸರುಕಾಳು, ಹುರುಳಿಕಟ್ಟಿನ ಸಾರು, ಸೌತೆಕಾಯಿ ಕೋಸಂಬರಿ, ಗುರೆಳ್ಳು ಚಟ್ನಿಪುಡಿ. ಇವೆಲ್ಲ ಮುಗಿದ ಮೇಲೆ, ಹೊಟ್ಟೆಯಲ್ಲಿ ಜಾಗವಿದ್ದರೆ, ಸ್ವಲ್ಪ ಅನ್ನ ಮಜ್ಜಿಗೆ. ನನಗೊಂದು ಅಡಿಗೆ, ಉಳಿದವರಿಗೊಂದು ಅಡಿಗೆ ಎಂಬುದಿಲ್ಲ. ಅವಳೂ ಅದನ್ನೇ ಉಂಡಳು, ನಮ್ಮ ಇಬ್ಬರು ಹೆಣ್ಣುಮಕ್ಕಳೂ ಅದನ್ನೇ ಉಂಡರು. ಯುಗಾದಿಗೆ ಮಾತ್ರ ಹೋಳಿಗೆ ಮಾಡಿ, ತುಪ್ಪ ಹಾಕಿ, ನನ್ನ ಮುಖವನ್ನೂ ನೋಡದೆ ಬಡಿಸಿದಳು. ಇದು ತಿನ್ನಬಹುದೇ ಎಂದು ನಾನು ಕುಹಕದಿಂದ ಕೇಳಿದ್ದಕ್ಕೆ "ಹಬ್ಬ ಐತೆ, ಸುಮ್ನೆ ಉಣ್ರಿ" ಎಂದಳು.

ರುಚಿಯಾಗಿತ್ತೇ? ಆಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವಷ್ಟು ಮೂರ್ಖ ನಾನಲ್ಲ. ದಿನವೂ ತಟ್ಟೆಯ ಮುಂದೆ ಕೂತು ನಾನು ಹಾಡುತ್ತಿದ್ದದ್ದು ಒಂದೇ ರಾಗ: ನಮ್ಮವ್ವನ ಅಡಿಗೆ. ನಮ್ಮೂರು ಕೊಂಡಜ್ಜಿಯಲ್ಲಿ ನಮ್ಮವ್ವ ಹೇಗೆ ತುಪ್ಪ ಬಡಿಸುತ್ತಿದ್ದಳು, ಎಣ್ಣೆಗಾಯಿಯ ಮೇಲೆ ಎಣ್ಣೆ ಹೇಗೆ ತೇಲುತ್ತಿತ್ತು, ಹೋಳಿಗೆ ಒಂದರ ಮೇಲೊಂದು ಹೇಗೆ ಬೀಳುತ್ತಿತ್ತು. ಮದುವೆಯಾದಂದಿನಿಂದ ಇದನ್ನು ಹೇಳಿಕೊಂಡು ಬಂದಿದ್ದೆ. ಈಗ ಸ್ವಲ್ಪ ಜೋರಾಗಿ ಹೇಳಿದೆ, ಅಷ್ಟೆ. ಗೌರಿ ರೊಟ್ಟಿಯನ್ನು ಸ್ವಲ್ಪ ಬಿರುಸಾಗಿ ತಟ್ಟುತ್ತಿದ್ದಳು.

ಹೀಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಕೋಟಿನ ಗುಂಡಿಗಳು ಹಾಕಿದಲ್ಲೇ ನಿಂತವು. ರೈಲು ಹತ್ತಿದ ಮೇಲೆ ಮಾತಾಡುವುದಕ್ಕೆ ಉಸಿರು ಉಳಿಯುತ್ತಿತ್ತು. ಆದರೆ ನೆಮ್ಮದಿ ಎಲ್ಲಿಂದ ಬರಬೇಕು? ಅದುವರೆಗೆ ಹೊಟ್ಟೆ ತಟ್ಟುತ್ತಿದ್ದ ಜನ ಈಗ ಮುಂಗೈ ಹಿಡಿದು ನೋಡತೊಡಗಿದರು. "ಯಾಕ್ರಿ, ಸಕ್ಕರೆ ಕಾಯ್ಲೆ ಏನ್ರಿ?" "ಮನ್ಯಾಗೆ ಏನಾರ ತಾಪತ್ರಯ ಐತೇನ್ರಿ?" ಒಬ್ಬರು ಪುಣ್ಯಾತ್ಮರಂತೂ ನಾನು ಎದುರಿಗೆ ಇದ್ದಾಗಲೇ ನನ್ನ ಹೆಣ್ಣುಮಕ್ಕಳ ಭವಿಷ್ಯದ ಬಗ್ಗೆ ಮರುಕಪಟ್ಟರು.

ಆ ಸುದ್ದಿ ಕೊಂಡಜ್ಜಿಯನ್ನೂ ಮುಟ್ಟಿತು. ಅಲ್ಲಿ ನಮ್ಮಣ್ಣನ ಜೊತೆಗಿದ್ದ ಅವ್ವ ಬಸ್ಸು ಹತ್ತಿ ಬಂದೇಬಿಟ್ಟಳು. ಬಾಗಿಲಲ್ಲಿ ನನ್ನನ್ನು ನೋಡಿದವಳೇ ಗಂಟನ್ನು ಕೆಳಗೆ ಹಾಕಿ ಕಣ್ಣಿಗೆ ಸೆರಗು ಹಚ್ಚಿದಳು.

"ಇದೇನೋ ರುದ್ರಾ, ಕತ್ತಿನ ಮೂಳೆ ಕಾಣ್ತೈತಲ್ಲೋ. ಏನೇ ಗೌರೀ, ನನ್ನ ಮಗನಿಗೆ ಹೊಟ್ಟೆ ತುಂಬ ಹಾಕಾಕೆ ನಿಂಗೆ ಏನು ಬಂದೈತೆ?"

ಡಾಕ್ಟರ ಮಾತನ್ನು ಗೌರಿ ಹೇಳಲು ನೋಡಿದಳು. ಅವ್ವ ಕೇಳಲಿಲ್ಲ. ಗೌರಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಆಗ ಅವಳು ಸೌಟನ್ನು ತಂದು ಅವ್ವನ ಮುಂದಿಟ್ಟಳು. "ಹಂಗಾರೆ ನೀವೇ ಮಾಡಿ ಹಾಕ್ರಿ ಅತ್ತೆ. ನಾನು ಬ್ಯಾಡ ಅನ್ನಲ್ಲ."

ಮೊದಲ ದಿನ ಸ್ವರ್ಗ. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಕರಿದ ಸಂಡಿಗೆ, ಶಾವಿಗೆ ಪಾಯಸ. ಇಷ್ಟು ದಿನದ ನನ್ನ ಸಿಟ್ಟಿಗೆ ಕಡೆಗೂ ನ್ಯಾಯ ಸಿಕ್ಕಿತೆಂದು ಗೌರಿಯ ಎದುರಿಗೇ ಬೆರಳು ನೆಕ್ಕಿದೆ. ಎರಡನೆಯ ದಿನವೂ ಹಾಗೇ. ಆಮೇಲೆ ತಟ್ಟೆ ನೋಡಿದರೆ ಸುಸ್ತಾಗತೊಡಗಿತು. ಎಣ್ಣೆಯ ಕೆಳಗೆ ಬದನೆಕಾಯಿ ಯಾವ ರುಚಿಯದೆಂದೇ ತಿಳಿಯುತ್ತಿರಲಿಲ್ಲ. ವಾರ ಕಳೆಯುವ ಹೊತ್ತಿಗೆ ಸ್ಟೇಷನ್ನಿನ ದಾರಿಯಲ್ಲಿ ಮತ್ತೆ ಮೇಲುಸಿರು. ಬೆಳಿಗ್ಗೆ ನಾನು ಹೊರಟರೆ ಗೌರಿ ಬಾಗಿಲಲ್ಲಿ ನಿಂತು, ನಾನು ತಿರುವು ದಾಟುವವರೆಗೆ ನೋಡುತ್ತಿದ್ದಳು. ಅವಳು ಒಂದು ಮಾತೂ ಆಡದಿದ್ದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿತು.

ಒಂದು ಭಾನುವಾರ ಮಧ್ಯಾಹ್ನ ಮತ್ತೊಂದು ಹೋಳಿಗೆಗೆ ಕೈ ಅಡ್ಡ ಹಿಡಿದೆ. ಅವ್ವನ ಕಣ್ಣು ತುಂಬಿತು. "ಅಕಿ ಏನೋ ಹೇಳಿಕೊಟ್ಟಾಳೆ."

ನನಗೆ ತಡೆಯಲಾಗಲಿಲ್ಲ. "ಅಕಿ ಏನೂ ಹೇಳಿಲ್ಲ. ಆಗ ದಿನಾ ನೀನು ಮಾಡಿ ಹಾಕಿದ್ದನ್ನ ಉಂಡೆ, ಈಗ ಆಗವಲ್ದು. ಎದೆ ಹಿಡ್ಕಂತೈತೆ. ನನ್ನನ್ನ ಸಾಯಿಸ್ಬೇಕು ಅಂತ ಮಾಡೀಯೇನು?"

ಆಡಬಾರದ ಮಾತು ಆಡಿಬಿಟ್ಟೆ. ಆದರೆ ಅವ್ವ ಹಿಡಿದದ್ದು ಆ ಮಾತನ್ನಲ್ಲ. "ದಿನಾ? ದಿನಾ ಯಾರೋ ಮಾಡಿ ಹಾಕಿದ್ರು ನಿಂಗೆ? ನೀನು ಸಣ್ಣವನಿದ್ದಾಗಿಂದ ಇಲ್ಲಿ ಹಾಸ್ಟೆಲ್ನಾಗೆ ಇದ್ದು ಓದ್ತಿದ್ದೆ. ರಜಕ್ಕೆ ಊರಿಗೆ ಬಂದ್ರೆ, ಮಗ ಬಂದಾನೆ ಅಂತ ಹೋಳಿಗೆ ಹಾಕ್ತಿದ್ದೆ. ನೀನು ಹೋದ ಮರುದಿನ ನಾವು ಉಣ್ತಿದ್ದುದು ರೊಟ್ಟಿ, ಸೊಪ್ಪು, ಮಜ್ಜಿಗೆ. ತುಪ್ಪಾನ ನಿಮ್ಮಪ್ಪ ಮುಟ್ತಿದ್ದಿಲ್ಲ, ಹುಡುಗ ಬಂದಾಗ ಬೇಕು ಅಂತ ಎತ್ತಿ ಇಡಿಸ್ತಿದ್ದ."

ಆ ಅಡಿಗೆಮನೆಯಲ್ಲಿ ನಾನು ಯಾವಾಗಲೂ ನೆಂಟನಾಗಿಯೇ ಉಂಡಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ. ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಆದರೆ ದುಃಖಪಡುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಒಳಗಿನಿಂದ ಗೌರಿ ಬಂದು ನಿಂತಿದ್ದಳು.

"ಏನಂದ್ರಿ ಅತ್ತೆ? ಇನ್ನೊಂದು ಸಲ ಹೇಳ್ರಿ."

ಅವ್ವ ಇನ್ನೊಂದು ಸಲ ಹೇಳಿದಳು.

"ಮದುವೆ ಆದಾಗಿಂದ ಈ ಮನ್ಯಾಗೆ ನಿಮ್ಮ ಹೆಸರು ಹೇಳಿ ಹೇಳಿ ತುಪ್ಪ ಹಾಕಿಸ್ಕೊಂಡಾರೆ. ಅತ್ತೆ ದಿನಾ ಹಿಂಗ ಮಾಡ್ತಿದ್ರಂತೆ, ನಂಗೆ ಬರಲ್ಲ ಅಂತ ಒಲೆ ಮುಂದೆ ಕುಂತು ಎಷ್ಟು ಅತ್ತೀನಿ ನೀವು ಕಂಡೀರೇನು? ದಿನಾ ಹಬ್ಬದಡಿಗೆ ಮಾಡಿ ಹಾಕಿ, ನನ್ನ ಕೈಯಾರೆ ಇವರನ್ನ ಆ ಕಂಬದ ಬುಡಕ್ಕೆ ಕುಂದ್ರಿಸಿದೆ. ಅದೂ ಇವರು ಕಂಡೇ ಇಲ್ಲದ ಅಡಿಗೆ ಸಲುವಾಗಿ."

ಸಿಟ್ಟು ಎಂದರೆ ಏನೆಂದು ಅವತ್ತು ನೋಡಿದೆ. ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಬರೀ ಗೊಣಗಾಟ. ಗೌರಿ ಕಿರುಚಲಿಲ್ಲ, ಪಾತ್ರೆ ಎಸೆಯಲಿಲ್ಲ. ನನ್ನ ಮುಂದಿದ್ದ ತಟ್ಟೆಯನ್ನು ಮಾತ್ರ ಎತ್ತಿಕೊಂಡಳು. ಅವ್ವ ಎದ್ದು ಹೋಗಿ ಅವಳ ತೋಳು ಹಿಡಿದಳು. ಕಂಬದ ಕಥೆ ಏನೆಂದು ಕೇಳಿದಳು. ಅಡಿಗೆಮನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಅಳು ಕೇಳಿತು, ಒಮ್ಮೆ ನನ್ನ ಹೆಸರು ಕೇಳಿತು, ಅದಾದ ಮೇಲೆ ನಗು ಕೇಳಿತು. ಅದೇ ಕ್ರಮದಲ್ಲಿ ಕೇಳಿದ್ದು ನನಗೆ ಸರಿಬರಲಿಲ್ಲ.

ಸಂಜೆ ಅವ್ವ ರೊಟ್ಟಿ ತಟ್ಟಿದಳು, ಗೌರಿ ಬೇಯಿಸಿದಳು. ಇಬ್ಬರೂ ಉಂಡು ಮುಗಿಸಿದ ಮೇಲೆ ನನ್ನನ್ನು ಕರೆದರು. ಸೊಪ್ಪಿನ ಪಲ್ಯಕ್ಕೆ ಉಪ್ಪು ಒಂದು ಕಲ್ಲು ಜಾಸ್ತಿಯಾಗಿದೆ ಎಂದು ಅವ್ವ ಸೊಸೆಗೆ ಹೇಳುತ್ತಿದ್ದಳು. ಅದನ್ನು ಬಿಟ್ಟರೆ ಮನೆಯಲ್ಲಿ ಜಗಳವೇ ಇರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಸುತ್ತ ನೋಡಿದೆ, ಯಾರೂ ಸಿಗಲಿಲ್ಲ. ಸುಮ್ಮನೆ ಉಂಡೆ. ಕೊಂಡಜ್ಜಿಗೆ ಹೊರಡುವ ದಿನ ಅವ್ವ ಗುರೆಳ್ಳಿನ ಪುಡಿಯ ಒಂದು ಡಬ್ಬಿಯನ್ನು ಗೌರಿಯಿಂದ ಕಟ್ಟಿಸಿಕೊಂಡು ಹೋದಳು.

ಇದಾಗಿ ಕೆಲವು ತಿಂಗಳಾದ ಮೇಲೆ ರೈಲಿನಲ್ಲಿ ರಾಮಸ್ವಾಮಿಯವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಲೆಕ್ಕ ಇನ್ನೂ ನಡೆದೇ ಇತ್ತು, ಅವರ ಷರಟಿನ ಗುಂಡಿಗಳೂ ಬಹಳ ಕಷ್ಟಪಡುತ್ತಿದ್ದವು. "ರುದ್ರಪ್ಪನೋರೇ, ನೀವು ಕೂಡಿಸೋದು ಬಿಟ್ಟು ಎಷ್ಟೋ ದಿನ ಆಯ್ತು. ಆದ್ರೂ ಇಳಿದಿದೀರಿ, ಇಳಿದ ಹಾಗೇ ನಿಂತಿದೀರಿ. ಏನ್ ಮಾಡಿದ್ರಿ, ಹೇಳಿ" ಎಂದರು. ಎದುರಿನ ಬೆಂಚಿನವರೂ ಕಿವಿಗೊಟ್ಟರು. ನಾನು ಕೋಟು ಸರಿಮಾಡಿಕೊಂಡು ಕೂತೆ. ಎಣ್ಣೆಯನ್ನು ಸಣ್ಣ ಸೌಟಿನಲ್ಲಿ ಹಾಕಬೇಕು, ಅನ್ನ ಕಡೆಗೆ ಬರಬೇಕು, ಹಬ್ಬದಡಿಗೆ ಹಬ್ಬಕ್ಕಷ್ಟೇ, ರುಚಿಯಿಲ್ಲದ ಪಥ್ಯ ನಾಲ್ಕು ದಿನವೂ ನಡೆಯುವುದಿಲ್ಲ, ಮನೆಯವರೆಲ್ಲ ಒಂದೇ ಅಡಿಗೆ ಉಣ್ಣಬೇಕು ಎಂದು ಹರಿಹರ ಬರುವವರೆಗೂ ಹೇಳಿದೆ. ನಮ್ಮ ಮನೆಯಲ್ಲಿ ಇದನ್ನೆಲ್ಲ ರೂಢಿಗೆ ತರುವುದಕ್ಕೆ ನಾನು ಎಷ್ಟು ಹೆಣಗಬೇಕಾಯಿತು, ಹೆಂಗಸರನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದನ್ನೂ ವಿವರವಾಗಿ ತಿಳಿಸಿದೆ. ಎಲ್ಲರೂ ತಲೆದೂಗಿದರು. ಹೆಂಗಸರು ನಿಜವಾಗಿ ಏನೆಂದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಖಂಡಿತ ಸಿಟ್ಟು ಬರುತ್ತಿತ್ತು.